ನಮ್ಮೂರ ನಾಟಕ ಯೂಟ್ಯೂಬಿನಲ್ಲಿ ಓಡುತ್ತಿದೆ, ಆದರೆ ಚಾನೆಲ್ ಯಾರದು?

ಗುಬ್ಬಿ ಕಡೆಯವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಪೂರ್ತಿ ಓದಿ ಅಭಿಪ್ರಾಯ ಹೇಳಿ.

ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿದೆ. ಜಾತ್ರೆ ಬಂತೆಂದರೆ ಪೌರಾಣಿಕ ನಾಟಕ ಇರಲೇಬೇಕು. ಹೆಚ್ಚಾಗಿ ಕುರುಕ್ಷೇತ್ರ. ಪಾತ್ರ ಬೇಕಾದವರು ತಾವೇ ದುಡ್ಡು ಕಟ್ಟುತ್ತಾರೆ. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಸೀನರಿ, ಡ್ರೆಸ್ಸು, ಮೈಕು, ಹೊರಗಿನಿಂದ ಬರುವ ಸ್ತ್ರೀ ಪಾತ್ರದವರ ಸಂಭಾವನೆ, ಎಲ್ಲ ಆ ದುಡ್ಡಿನಲ್ಲೇ ಆಗಬೇಕು. ತಿಂಗಳುಗಟ್ಟಲೆ ತಾಲೀಮು. ಹಗಲೆಲ್ಲ ತೋಟದ ಕೆಲಸ, ಗಾರೆ ಕೆಲಸ, ಫ್ಯಾಕ್ಟರಿ ಶಿಫ್ಟು ಮುಗಿಸಿದವರು ರಾತ್ರಿ ಊಟ ಮಾಡಿ ದೇವಸ್ಥಾನದ ಪಕ್ಕ ಸೇರುತ್ತಾರೆ. ಒಂದು ಕಂದವನ್ನು ಮೇಷ್ಟ್ರು ಹೇಳಿಕೊಟ್ಟ ಶ್ರುತಿಗೆ ತರುವುದಕ್ಕೆ ವಾರ ಹಿಡಿಯುತ್ತದೆ. ನಮ್ಮ ದುರ್ಯೋಧನ ಪಾತ್ರದವರು ಹೆಚ್ಚು ಓದಿದವರಲ್ಲ. ಪದ್ಯ ಮಾತ್ರ ಒಂದಕ್ಷರ ತಪ್ಪುವುದಿಲ್ಲ. ಸಂಘದ ಲೆಕ್ಕಪತ್ರ ನೋಡಿಕೊಳ್ಳುವವನು ನಾನು, ಹಾಗಾಗಿ ಯಾರು ಎಷ್ಟು ಕಷ್ಟದಲ್ಲಿ ದುಡ್ಡು ಹೊಂದಿಸುತ್ತಾರೆ ಅನ್ನುವುದು ಗೊತ್ತು.

ಕೆಲವು ವರ್ಷದಿಂದ ನಾಟಕಕ್ಕೆ ಯೂಟ್ಯೂಬಿನವರು ಬರುತ್ತಿದ್ದಾರೆ. ಲೈವ್ ಹಾಕುತ್ತಾರೆ. ಹೋದ ಸಲದ ನಾಟಕವನ್ನು ತುಂಬಾ ಜನ ನೋಡಿದ್ದಾರೆ. ದುರ್ಯೋಧನನ ಪ್ರವೇಶದ ತುಣುಕು ಈಗಲೂ ಊರೂರ ಗ್ರೂಪಿನಲ್ಲಿ ಓಡಾಡುತ್ತಿದೆ. ಆದರೆ ಆ ಕಲಾವಿದನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಊರಿನ ಹೆಸರೂ ತಪ್ಪು. ಕೇಳಿದರೆ "ಹಾಕೋಣ ಬಿಡಿ ಅಣ್ಣ" ಅನ್ನುತ್ತಾರೆ. ಇನ್ನೂ ಹಾಕಿಲ್ಲ. ಅಭಿಮನ್ಯು ಚಕ್ರವ್ಯೂಹದಲ್ಲಿ ಒಬ್ಬನೇ ನಿಂತು ಹಾಡುತ್ತಿರುವಾಗ ನಡುವೆ ಸಾಲ ಕೊಡುವ ಆ್ಯಪಿನ ಜಾಹೀರಾತು ಬರುತ್ತದೆ. ಅದರ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ.

ನಮ್ಮ ತಾಲ್ಲೂಕಿಗೆ ಇದು ಹೊಸ ಪ್ರಶ್ನೆ ಅಲ್ಲ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. ವೀರಣ್ಣನವರು ಅದನ್ನು ಎಲ್ಲಿಂದ ಎಲ್ಲಿಗೆ ಮುಟ್ಟಿಸಿದರು! ಕುರುಕ್ಷೇತ್ರಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದರು. ಸಿನಿಮಾ ಬಂತು ಅಂತ ಕೈಕಟ್ಟಿ ಕೂರಲಿಲ್ಲ, ತಾವೇ ಸಿನಿಮಾ ತೆಗೆದರು, ಚಿತ್ರಮಂದಿರವನ್ನೂ ಕಟ್ಟಿಸಿದರು. ಟೆಂಟೂ ಕಂಪನಿಯದು, ಟಿಕೆಟ್ಟೂ ಕಂಪನಿಯದು. ಹಾಗಿದ್ದಿದ್ದಕ್ಕೇ ಅಷ್ಟು ಜನ ಕಲಾವಿದರಿಗೆ ಅಲ್ಲಿ ಅನ್ನ ಸಿಕ್ಕಿತು. ರಾಜ್‌ಕುಮಾರ್ ಅವರೂ ಅಲ್ಲಿಂದಲೇ ಬಂದವರು.

ಹಾಗಾಗಿ ನನ್ನ ಮಾತು ಇಷ್ಟೇ. ನಾಟಕ ಆಡುವ ಸಂಘಗಳು ತಮ್ಮದೇ ಚಾನೆಲ್ ಇಟ್ಟುಕೊಳ್ಳಬೇಕು. ಒಂದು ಊರಿಗೆ ಆಗದಿದ್ದರೆ ಹೋಬಳಿಯ ಸಂಘಗಳೆಲ್ಲ ಸೇರಿ ಒಂದು ಮಾಡಲಿ. ಕ್ಯಾಮೆರಾ ಕೆಲಸಕ್ಕೆ ದುಡ್ಡು ಕೊಡೋಣ, ಚೌಕಾಸಿ ಬೇಡ. ಚಾನೆಲ್ ಮಾತ್ರ ಆಡುವವರ ಹೆಸರಿನಲ್ಲಿರಬೇಕು. ಇದು ಆಗುವ ಕೆಲಸವಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ತಿಪಟೂರು ತೆಂಗಿನ ತೋಟ

ಚಾನೆಲ್ ಯಾರದಾದರೂ ಆಗಲಿ ಅಣ್ಣ, ಈ ಲೈವೇ ಬೇಡ ಅನ್ನುವವನು ನಾನು. ಮೊದಲು ನಾಟಕ ಅಂದರೆ ಸಂಜೆಗೇ ಚಾಪೆ ಹಾಕಿ ಜಾಗ ಹಿಡಿಯುತ್ತಿದ್ದರು. ಸುತ್ತಲಿನ ಊರಿಂದ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರು. ಈಗ ಪಕ್ಕದ ಬೀದಿಯವರೇ ಮನೆಯಲ್ಲಿ ಮಲಗಿಕೊಂಡು ಫೋನಿನಲ್ಲಿ ನೋಡುತ್ತಾರೆ. ರಾತ್ರಿ ಎರಡು ಗಂಟೆ ಮೇಲೆ ವೇದಿಕೆ ಮುಂದೆ ಪಾತ್ರಧಾರಿಗಳ ಮನೆಯವರು ಬಿಟ್ಟರೆ ಯಾರೂ ಇರುವುದಿಲ್ಲ. ಒನ್ಸ್ ಮೋರ್ ಅನ್ನುವವರು ಇಲ್ಲದಿದ್ದರೆ ಪದ್ಯ ಹಾಡುವವನಿಗೆ ಹುಮ್ಮಸ್ಸು ಎಲ್ಲಿಂದ ಬರಬೇಕು?

ಪೀಣ್ಯದಲ್ಲಿ ಶಿರಾದವನು

ತಿಪಟೂರಿನವರೇ, ನಮ್ಮಂಥವರ ಕಥೆಯನ್ನೂ ಸ್ವಲ್ಪ ಕೇಳಿ. ಪೀಣ್ಯದಲ್ಲಿ ಮೆಷಿನ್ ಶಾಪಿನಲ್ಲಿದ್ದೇನೆ. ಜಾತ್ರೆಗೆ ಅಂತ ರಜೆ ಕೇಳಿದರೆ ಎಲ್ಲ ಸಲ ಸಿಗುವುದಿಲ್ಲ. ಹೋದ ವರ್ಷ ನಮ್ಮಣ್ಣ ಕರ್ಣನ ಪಾತ್ರ ಮಾಡಿದ. ನೈಟ್ ಶಿಫ್ಟಿನ ಟೀ ಬಿಡುವಿನಲ್ಲಿ ಲೈವ್ ಹಾಕಿಕೊಂಡೆ. ನನ್ನ ಜೊತೆ ಕೊಪ್ಪಳದವರು, ಹಾವೇರಿಯವರು ಇದ್ದಾರೆ, ಅವರೂ ಬಂದು ನಿಂತುಕೊಂಡು ನೋಡಿದರು. ಕುಂತಿ ಬಂದು ಮಗನೇ ಅನ್ನುವ ದೃಶ್ಯದಲ್ಲಿ ಯಾರೂ ಮಾತಾಡಲಿಲ್ಲ. ನಾನು ಫೋನ್‌ಪೇ ಮಾಡಿ ಊರಿನ ಗೆಳೆಯನಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು ಕೂಗಿ ಅಣ್ಣನಿಗೆ ಹಾರ ಹಾಕಿದರು. ಅದನ್ನು ಲೈವಿನಲ್ಲೇ ನೋಡಿದೆ. ಲೈವ್ ಇಲ್ಲದಿದ್ದರೆ ನನಗೆ ಅಣ್ಣನ ನಾಟಕವೇ ಇಲ್ಲ.

ತಿಪಟೂರು ತೆಂಗಿನ ತೋಟ

ಇದಕ್ಕೆ ನಾನು ಬೇಡ ಅನ್ನಲಾರೆ ತಮ್ಮ. ದೂರ ಇರುವವರಿಗೆ ಬೇಕು. ಊರಲ್ಲಿರುವವರು ಎದ್ದು ಬರಬೇಕು ಅನ್ನುವುದು ನನ್ನ ಸಂಕಟ. ನಾಟಕ ನಡೆಯುವಾಗ ಲೈವ್ ಬೇಡ, ಮಾರನೆ ದಿನ ವಿಡಿಯೊ ಹಾಕಿದರೆ ಆಗಲ್ವಾ?

ಕ್ಯಾಮೆರಾ ಕೊರಟಗೆರೆ

ನಾನು ನೀವೆಲ್ಲ ಹೇಳುತ್ತಿರುವ "ಯೂಟ್ಯೂಬಿನವನು". ಮದುವೆ ವಿಡಿಯೊ ಮಾಡುತ್ತಿದ್ದೆ, ಈಗ ಸೀಸನ್‌ನಲ್ಲಿ ನಾಟಕವೂ ಮಾಡುತ್ತೇನೆ. ನಮ್ಮ ಕಡೆಯ ಲೆಕ್ಕವನ್ನೂ ಬಿಚ್ಚಿ ಹೇಳುತ್ತೇನೆ.

ಒಂದು ನಾಟಕಕ್ಕೆ ಕಡಿಮೆ ಅಂದರೂ ಎರಡು ಕ್ಯಾಮೆರಾ ಬೇಕು. ಒಂದು ಪೂರ್ತಿ ವೇದಿಕೆಗೆ, ಇನ್ನೊಂದು ಮುಖಕ್ಕೆ. ಮೈಕ್ ಸೆಟ್ಟಿನವರ ಮಿಕ್ಸರಿನಿಂದ ನೇರ ಲೈನ್ ತೆಗೆದುಕೊಳ್ಳದಿದ್ದರೆ ಹಾರ್ಮೋನಿಯಂ ಮಾತ್ರ ಕೇಳುತ್ತದೆ, ಪದ್ಯ ಕೇಳುವುದಿಲ್ಲ. ಜಾತ್ರೆಯ ರಾತ್ರಿ ಊರಿನಲ್ಲಿ ಇರುವುದು ಒಂದೇ ಟವರ್. ಎಲ್ಲರೂ ಅದಕ್ಕೇ ಜೋತುಬಿದ್ದಿರುತ್ತಾರೆ. ಅದಕ್ಕೆ ಎರಡು ಕಂಪನಿಯ ಸಿಮ್ ಇಟ್ಟುಕೊಂಡು, ಒಂದು ಬಿದ್ದರೆ ಇನ್ನೊಂದಕ್ಕೆ ಹಾಕಬೇಕು. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಿನ ಜಾವದವರೆಗೆ ನಾನೂ ನನ್ನ ಹುಡುಗನೂ ಕದಲುವಂತಿಲ್ಲ. ಲೈವ್ 12 ಗಂಟೆ ದಾಟಿದರೆ ಯೂಟ್ಯೂಬ್ ಅದನ್ನು ಚಾನೆಲ್‌ನಲ್ಲಿ ತಾನಾಗೇ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ನಾವು ಬೇರೆಯಾಗಿ ಕಾರ್ಡಿನಲ್ಲೂ ರೆಕಾರ್ಡ್ ಮಾಡುತ್ತೇವೆ.

ಇನ್ನು ದುಡ್ಡು. ಚಾನೆಲ್‌ನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ 1000 ಸಬ್‌ಸ್ಕ್ರೈಬರ್ ಜೊತೆಗೆ 12 ತಿಂಗಳಲ್ಲಿ 4000 ಗಂಟೆ ನೋಡಿರಬೇಕು. ಇಲ್ಲ ಅಂದರೆ 90 ದಿನದಲ್ಲಿ ಶಾರ್ಟ್ಸ್‌ಗೆ, ಅಂದರೆ ಚಿಕ್ಕ ಚಿಕ್ಕ ವಿಡಿಯೊಗಳಿಗೆ, 1 ಕೋಟಿ ವೀಕ್ಷಣೆ ಬೇಕು. ಆಮೇಲೆ ಉದ್ದದ ವಿಡಿಯೊದ ಜಾಹೀರಾತಿನಲ್ಲಿ ನೂರಕ್ಕೆ 55 ಚಾನೆಲ್‌ಗೆ, ಮಿಕ್ಕಿದ್ದು ಯೂಟ್ಯೂಬಿಗೆ. ಶಾರ್ಟ್ಸ್‌ನಲ್ಲಿ ನೂರಕ್ಕೆ 45. ಖಾತೆಯಲ್ಲಿ 100 ಡಾಲರ್ ಸೇರುವ ತನಕ ಬ್ಯಾಂಕಿಗೆ ಬರುವುದಿಲ್ಲ. ಶಾರ್ಟ್ಸ್‌ಗೆ ನೋಡುವವರು ಲಕ್ಷ ಬಂದರೂ ದುಡ್ಡು ಕಡಿಮೆ. ಜಾತ್ರೆ ಸೀಸನ್ ಬಿಟ್ಟರೆ ಮಳೆಗಾಲದಲ್ಲಿ ಏನೂ ಇಲ್ಲ.

ಸಂಘದವರು ನನಗೆ ಪೂರ್ತಿ ಬಾಡಿಗೆ ಕೊಟ್ಟರೆ ವಿಡಿಯೊ ಅವರ ಚಾನೆಲ್‌ಗೇ ಹಾಕಿ ಬರುತ್ತೇನೆ. ಆದರೆ ಎಷ್ಟೋ ಊರಿನವರು "ನೀನೇ ಬಂದು ಫ್ರೀಯಾಗಿ ಲೈವ್ ಮಾಡು, ನಿನಗೆ ಯೂಟ್ಯೂಬ್ ದುಡ್ಡು ಬರುತ್ತಲ್ಲ" ಅನ್ನುತ್ತಾರೆ. ಆಗ ಚಾನೆಲ್ ನನ್ನದೇ ಆಗಿರುತ್ತದೆ, ಅಲ್ವಾ? ಹೆಸರು ಹಾಕದೇ ಇರುವುದು ಮಾತ್ರ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಕರಪತ್ರದಲ್ಲಿ ಇರುವ ಪಾತ್ರವರ್ಗವನ್ನು ವಿಡಿಯೊ ಕೆಳಗೆ ಬರೆಯುವುದಕ್ಕೆ ಹತ್ತು ನಿಮಿಷ ಸಾಕು.

ಗುಬ್ಬಿ ಕಡೆಯವನು

ಕೊರಟಗೆರೆ ಅಣ್ಣ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ನಿಮ್ಮ ಶ್ರಮದ ಮೇಲೆ ನನಗೆ ದೂರಿಲ್ಲ. ಫ್ರೀ ಅಂದ ಊರಿನವರಿಗೂ ಇದನ್ನು ಓದಿಸಬೇಕು. ಫ್ರೀ ಅಂದ ಮೇಲೆ ನಾವು ಏನನ್ನು ಕೊಟ್ಟೆವು ಅನ್ನುವುದು ಕೊಡುವ ಮೊದಲು ಗೊತ್ತಿರಬೇಕು.

ಇನ್ನೊಂದು ವಿಷಯ. ಪಕ್ಕದೂರಿನ ಸಂಘ ತಮ್ಮದೇ ಚಾನೆಲ್ ಮಾಡಿತ್ತು. ಒಂದು ವಿಡಿಯೊಗೆ ಯಾವುದೋ ಆಡಿಯೊ ಕಂಪನಿಯಿಂದ "ಈ ಹಾಡು ನಮ್ಮದು" ಅಂತ ಕ್ಲೈಮ್ ಬಂದಿದೆಯಂತೆ. ನಾಟಕ ನಮ್ಮದು, ಹಾಡಿದವರು ನಾವು, ಕ್ಲೈಮ್ ಯಾಕೆ ಬರುತ್ತದೆ?

ಕ್ಯಾಮೆರಾ ಕೊರಟಗೆರೆ

ಎರಡು ಕಾರಣ ಇರಬಹುದು. ದೃಶ್ಯ ಬದಲಾಗುವಾಗ ಕೀಬೋರ್ಡಿನವರು ಸಿನಿಮಾ ಹಾಡು ಬಾರಿಸುತ್ತಾರೆ, ಇಲ್ಲ ಮೈಕಿನವರು ರೆಕಾರ್ಡ್ ಹಾಕುತ್ತಾರೆ. ಇನ್ನೊಂದು, ಎಷ್ಟೋ ರಂಗಗೀತೆಗಳ ಮಟ್ಟು ಹಳೆ ಸಿನಿಮಾ ಹಾಡಿನದೇ. ಯೂಟ್ಯೂಬಿನ ಯಂತ್ರ ಅದನ್ನು ಹಿಡಿಯುತ್ತದೆ. ಕ್ಲೈಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೈಮ್ ಬಂದರೆ ಸಾಮಾನ್ಯವಾಗಿ ಆ ವಿಡಿಯೊದ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ, ವಿಡಿಯೊ ಇರುತ್ತದೆ. ಸ್ಟ್ರೈಕ್ ಅಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೊವನ್ನೇ ತೆಗೆದು ಚಾನೆಲ್‌ಗೆ ಕೊಡುವ ಎಚ್ಚರಿಕೆ. ಅದು ಅಪಾಯ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಕ್ಲೈಮ್ ತಪ್ಪು ಅನ್ನಿಸಿದರೆ ಅಲ್ಲೇ ತಕರಾರು ಹಾಕಬಹುದು. ಅವರು 30 ದಿನದಲ್ಲಿ ಉತ್ತರ ಕೊಡದಿದ್ದರೆ ಕ್ಲೈಮ್ ಬಿದ್ದುಹೋಗುತ್ತದೆ. ಸೀನ್ ನಡುವೆ ರೆಕಾರ್ಡ್ ಹಾಡು ಬೇಡ ಅಂತ ಮೈಕಿನವರಿಗೆ ಮೊದಲೇ ಹೇಳಿಬಿಡಿ. ಅರ್ಧ ತೊಂದರೆ ಅಲ್ಲೇ ಕಡಿಮೆಯಾಗುತ್ತದೆ.

ಮಧುಗಿರಿ ವಕೀಲೆ

ಕಾನೂನಿನ ವಿಷಯ ನಾನು ಹೇಳುತ್ತೇನೆ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೆದವರಿಗೆ ಮಾತ್ರ ಅಲ್ಲ, ಹಾಡುವವರಿಗೆ, ನಟಿಸುವವರಿಗೂ ಹಕ್ಕು ಇದೆ. ಅದನ್ನು ಪ್ರದರ್ಶಕರ ಹಕ್ಕು ಅನ್ನುತ್ತಾರೆ. 38ನೇ ಕಲಂ. ನಾಟಕ ಆಡಿದ ಮುಂದಿನ ವರ್ಷದಿಂದ 50 ವರ್ಷ ಅದು ಇರುತ್ತದೆ. ನಿಮ್ಮ ಪ್ರದರ್ಶನವನ್ನು ರೆಕಾರ್ಡ್ ಮಾಡುವುದಕ್ಕೆ, ಜನರಿಗೆ ತಲುಪಿಸುವುದಕ್ಕೆ ನಿಮ್ಮ ಒಪ್ಪಿಗೆ ಬೇಕು. 2012ರ ತಿದ್ದುಪಡಿಯಲ್ಲಿ ಇದನ್ನು ಇನ್ನಷ್ಟು ಗಟ್ಟಿ ಮಾಡಿದ್ದಾರೆ. ಹೆಸರು ಹಾಕಿಸಿಕೊಳ್ಳುವುದೂ ಪ್ರದರ್ಶಕರ ಹಕ್ಕೇ. ಹಾಗಾಗಿ ನಿಮ್ಮ ದುರ್ಯೋಧನ ಪಾತ್ರದವರು ಹೆಸರು ಕೇಳುವುದು ಭಿಕ್ಷೆ ಅಲ್ಲ.

ಇನ್ನು ನಾಟಕದ ಕೃತಿ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಜನರ ಮುಂದೆ ಆಡಿದರೆ, ಇಲ್ಲವೇ ದೇವಸ್ಥಾನದ ಸಹಾಯಕ್ಕೆ ಆಡಿದರೆ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಆಡುವುದಕ್ಕೆ. ಅದನ್ನೇ ವಿಡಿಯೊ ಮಾಡಿ ಜಾಹೀರಾತಿನ ದುಡ್ಡು ಪಡೆಯುವುದಕ್ಕೂ ಅದು ನಡೆಯುತ್ತದೆ ಅಂದುಕೊಳ್ಳಬೇಡಿ. ಪದ್ಯ ಬರೆದವರು ತೀರಿಕೊಂಡು 60 ವರ್ಷ ಆಗಿಲ್ಲದಿದ್ದರೆ ಅವರ ಮನೆಯವರ ಒಪ್ಪಿಗೆ ಪಡೆಯುವುದು ಒಳ್ಳೆಯದು. ಮೇಷ್ಟ್ರು ತಾವೇ ಬರೆದ ಪದ್ಯಗಳಿದ್ದರೆ ಅವರನ್ನೂ ಕೇಳಿ. ಬಹಳ ಊರಿನಲ್ಲಿ ಮೇಷ್ಟ್ರನ್ನು ಮರೆತೇಬಿಡುತ್ತಾರೆ.

ಚಾನೆಲ್ ತೆರೆದ ಇಮೇಲ್ ಅಂದರೆ ಜಮೀನಿನ ಪಹಣಿ ಇದ್ದ ಹಾಗೆ. ಉಳುವವರು ಯಾರೇ ಇರಲಿ, ಅದರಲ್ಲಿ ಹೆಸರು ಯಾರದು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಒಬ್ಬರ ಸ್ವಂತ ಇಮೇಲಿನಲ್ಲಿ ತೆರೆಯಬೇಡಿ. ಸಂಘದ ಹೆಸರಿನಲ್ಲಿ ಬೇರೆ ಇಮೇಲ್ ಮಾಡಿ.

ಪಾವಗಡ ಗಡಿ

ಇಮೇಲ್ ನಮ್ಮದಾದರೂ ಒಂದು ಮಾತು ನೆನಪಿರಲಿ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಂತುಹೋದವು. ನಮ್ಮ ಕಡೆ ಹುಡುಗರು ಅದರಲ್ಲಿ ಜಾನಪದ ಹಾಡು, ತತ್ವಪದ ಹಾಡಿ ಒಳ್ಳೆ ಹೆಸರು ಮಾಡಿದ್ದರು. ರಾತ್ರೋರಾತ್ರಿ ಎಲ್ಲ ಹೋಯಿತು. ವಿಡಿಯೊನೂ ಇಲ್ಲ, ನೋಡುತ್ತಿದ್ದವರೂ ಇಲ್ಲ. ಕೆಲವರು ರೀಲ್ಸ್‌ಗೆ ಬಂದರು, ಕೆಲವರು ಹಾಡುವುದನ್ನೇ ಬಿಟ್ಟರು. ಚಾನೆಲ್ ನಮ್ಮ ಹೆಸರಿನಲ್ಲಿದ್ದರೂ ಅಂಗಡಿ ಬೇರೆಯವರದೇ. ಹಾಗಾಗಿ ಪೂರ್ತಿ ನಾಟಕದ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಊರಿನ ಶಾಲೆಯಲ್ಲೋ ಲೈಬ್ರರಿಯಲ್ಲೋ ಇರಲೇಬೇಕು.

ಇನ್ನೊಂದು. ನಮ್ಮಲ್ಲಿ, ಬಾಗೇಪಲ್ಲಿ ಕಡೆ, ಮುಳಬಾಗಿಲು ಕಡೆ ತೆಲುಗು ಪದ್ಯ, ಕನ್ನಡ ಮಾತು ಎರಡೂ ಒಂದೇ ನಾಟಕದಲ್ಲಿ ಬರುತ್ತವೆ. ಹೆಸರು, ವಿವರಣೆ ಕನ್ನಡ ಲಿಪಿಯಲ್ಲೂ ಬರೆಯದಿದ್ದರೆ ನಮ್ಮ ನಾಟಕ ಎಲ್ಲೋ ಬೇರೆ ಕಡೆ ಹೋಗಿ ಸೇರುತ್ತದೆ. ನಮ್ಮವರಿಗೇ ಸಿಗುವುದಿಲ್ಲ.

ಕೋಲಾರ ಮಂಡಿ

ನಾಟಕದ ವಿಷಯ ನನಗೆ ಗೊತ್ತಿಲ್ಲ. ಆದರೆ ಯಾರ ಕೈಯಲ್ಲಿದೆ ಅನ್ನುವ ಪ್ರಶ್ನೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲೂ ಅದೇ. ಕೋಲಾರ ಎಪಿಎಂಸಿಯ ಟೊಮೆಟೊ ರೇಟು ಈಗ ಎಲ್ಲರಿಗೂ ಗ್ರೂಪಿನಲ್ಲೇ ಗೊತ್ತಾಗುವುದು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತಲ್ಲ, ಆಗಂತೂ ಹರಾಜು ಮುಗಿಯುವ ಮೊದಲೇ ಫೋನ್ ಮೇಲೆ ಫೋನ್. ಆ ಗದ್ದಲದಲ್ಲಿ ಒಂದು ಗ್ರೂಪಿನಲ್ಲಿ ಬೇಕೆಂದೇ ತಪ್ಪು ರೇಟು ಹಾಕಿದರು. ಕಡಿಮೆ ರೇಟು ನೋಡಿ ಹೆದರಿ ಕೆಲವರು ತೋಟದಲ್ಲೇ ಮಾರಿಬಿಟ್ಟರು. ತಪ್ಪು ಹಾಕಿದವನನ್ನು ತೆಗೆಯಿರಿ ಅಂದರೆ ಅಡ್ಮಿನ್ ಯಾರು ಅಂತಲೇ ಗೊತ್ತಿಲ್ಲ. ನಂಬರ್ ಬದಲಾಗಿತ್ತು.

ಈಗ ನಾವು ಕೆಲವು ರೈತರೇ ಸೇರಿ ಬೇರೆ ಗ್ರೂಪ್ ಮಾಡಿಕೊಂಡಿದ್ದೇವೆ. ಒಂದೇ ನಿಯಮ. ರೇಟು ಹಾಕುವವರು ಅವತ್ತಿನ ಮಾರಾಟದ ಚೀಟಿಯ ಫೋಟೊ ಹಾಕಬೇಕು. ಚೀಟಿ ಇಲ್ಲದ ರೇಟು ತೆಗೆಯುತ್ತೇವೆ. ಅಡ್ಮಿನ್ ಬೇರೆ ಬೇರೆ ಹೋಬಳಿಯವರು ಇದ್ದಾರೆ. ಒಂದು ಗ್ರೂಪಿಗೆ 1024 ಜನ ಮಾತ್ರ ಸೇರಬಹುದು. ಅದೂ ಒಂದು ರೀತಿ ಒಳ್ಳೆಯದೇ ಆಯಿತು. ಯಾರು ಯಾರು ಅನ್ನುವುದು ಗೊತ್ತಿರುತ್ತದೆ.

ಶಿಡ್ಲಘಟ್ಟ ಗೂಡು

ನಿಜ. ನಮ್ಮ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜೇ ಆನ್‌ಲೈನ್ ಆಗಿರುವುದರಿಂದ ರೇಟಿನ ಬಗ್ಗೆ ಸುಳ್ಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಬಿ.ಎಚ್. ರಸ್ತೆ ಬಟ್ಟೆ ಅಂಗಡಿ

ತುಮಕೂರಿನಲ್ಲಿ ನನ್ನದು ಚಿಕ್ಕ ಅಂಗಡಿ. ಜಾಹೀರಾತು ಕೊಡುವವರ ಕಡೆಯಿಂದ ಎರಡು ಮಾತು ಹೇಳಬೇಕು.

ಮೊದಲು ನಾನು ಏನು ಮಾಡುತ್ತಿದ್ದೆ? ನಾಟಕದ ಕರಪತ್ರದ ಕೆಳಗೆ "ಶುಭ ಕೋರುವವರು" ಅಂತ ಅಂಗಡಿ ಹೆಸರು ಹಾಕಿಸುತ್ತಿದ್ದೆ. ಪ್ರಜಾಪ್ರಗತಿ ಪತ್ರಿಕೆಯಲ್ಲಿ ಹಬ್ಬಕ್ಕೆ ಒಂದು ಜಾಹೀರಾತು. ಆಟೊದಲ್ಲಿ ಮೈಕ್. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಆದಮೇಲೆ ನಾನು ಫ್ಲೆಕ್ಸ್ ನಿಲ್ಲಿಸಿದೆ. ಬೋರ್ಡ್ ಬರೆಯುತ್ತಿದ್ದ ಕಲಾವಿದರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಅವರ ಕೈಬರಹದ ಕನ್ನಡ ಎಷ್ಟು ಚೆನ್ನಾಗಿತ್ತು ಅಂದರೆ ಈಗಿನ ಯಾವ ಫಾಂಟೂ ಅದಕ್ಕೆ ಸಾಟಿ ಇಲ್ಲ. ಫ್ಲೆಕ್ಸ್ ಬಂದಾಗಲೇ ಅವರ ಕೆಲಸ ಹೋಗಿತ್ತು.

ಈಗ ಎಲ್ಲರೂ ರೀಲ್ಸ್ ಮಾಡಿಸಿ ಅನ್ನುತ್ತಾರೆ. ತುಂಬಾ ಫಾಲೋವರ್ಸ್ ಇರುವ ಒಬ್ಬರನ್ನು ಕರೆಸಿದೆ. ಬಂದರು, ಸೀರೆ ಎತ್ತಿ ಹಿಡಿದರು, ಹೋದರು. ವಿಡಿಯೊ ಚೆನ್ನಾಗೇ ಓಡಿತು. ಕಾಮೆಂಟಿನಲ್ಲಿ "ಪ್ರೈಸ್ ಪ್ಲೀಸ್", "ಲೊಕೇಶನ್ ಎಲ್ಲಿ", "ಕೊರಿಯರ್ ಇದೆಯಾ" ಅಂತ ನೂರಾರು. ಉತ್ತರ ಕೊಟ್ಟು ಕೊಟ್ಟು ನಮ್ಮ ಹುಡುಗಿಗೆ ಸಾಕಾಯಿತು. ನೋಡಿದವರಲ್ಲಿ ಜಾಸ್ತಿ ಜನ ನಮ್ಮ ಜಿಲ್ಲೆಯವರೇ ಅಲ್ಲ. ಆ ತಿಂಗಳ ವ್ಯಾಪಾರ ಎಂದಿನಷ್ಟೇ ಇತ್ತು. ಆಮೇಲೆ ನಾನೇ ಅಂಗಡಿಯ ಪೇಜಿನಲ್ಲಿ ಒಂದು ಸೀರೆಯ ಫೋಟೊ, ಬೆಲೆ, ವಿಳಾಸ ಹಾಕಿ, ಅಂಗಡಿ ಸುತ್ತ ಇಷ್ಟು ಕಿಲೋಮೀಟರ್ ಅಂತ ಗುರುತು ಮಾಡಿ ಸಣ್ಣ ಮೊತ್ತ ಕಟ್ಟಿ ಹೆಚ್ಚು ಜನರಿಗೆ ತೋರಿಸುವ ಬೂಸ್ಟ್ ಕೊಟ್ಟೆ. ನೋಡಿದವರು ಕಡಿಮೆ. ಆದರೆ ಫೋನ್ ಹಿಡಿದುಕೊಂಡು ಬಂದು "ಇದೇ ಸೀರೆ ತೋರಿಸಿ" ಅಂದವರು ಇದ್ದರು. ಕ್ಯಾತಸಂದ್ರದಿಂದ, ಹೆಗ್ಗೆರೆಯಿಂದ ಬಂದವರು.

ಗುಬ್ಬಿಯವರೇ, ನಿಮ್ಮ ನಾಟಕದ ಚಾನೆಲ್ ನಿಮ್ಮದೇ ಆದರೆ ನನ್ನಂಥ ಅಂಗಡಿಯವರು ನೇರವಾಗಿ ನಿಮಗೇ ಜಾಹೀರಾತು ಕೊಡುತ್ತೇವೆ. ಕರಪತ್ರದಲ್ಲಿ ಕೊಡುತ್ತಿದ್ದೆವಲ್ಲ, ಹಾಗೇ. ನಾಟಕ ಶುರುವಾಗುವ ಮುಂಚೆ ಒಂದು ಸಲ, ವಿರಾಮದಲ್ಲಿ ಒಂದು ಸಲ ಅಂಗಡಿ ಹೆಸರು ತೋರಿಸಿ. ಆ ದುಡ್ಡು ಪೂರ್ತಿ ಸಂಘಕ್ಕೆ. ನೂರಕ್ಕೆ 45 ಯಾರಿಗೂ ಕೊಡಬೇಕಾಗಿಲ್ಲ. ಅಭಿಮನ್ಯು ಹಾಡುವಾಗ ಯಾರೂ ನಡುವೆ ಬರುವುದೂ ಇಲ್ಲ.

ಮಧುಗಿರಿ ವಕೀಲೆ

ಇದು ಒಳ್ಳೆ ಯೋಚನೆ. ಒಂದು ಎಚ್ಚರಿಕೆ ಮಾತ್ರ. ದುಡ್ಡು ಪಡೆದು ತೋರಿಸುವುದನ್ನು "ಜಾಹೀರಾತು" ಅಂತ ಕಾಣುವ ಹಾಗೆ ಬರೆಯಬೇಕು. ವಿಡಿಯೊ ಹಾಕುವಾಗ ಪ್ರಾಯೋಜಿತ ಅನ್ನುವ ಗುರುತನ್ನೂ ಹಾಕಬೇಕು. 2021ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಇದಕ್ಕೆ ಮಾರ್ಗಸೂಚಿ ತಂದಿತು, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೂ ತಂದಿದೆ. ದಾರಿ ತಪ್ಪಿಸುವ ಜಾಹೀರಾತಾದರೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಬಟ್ಟೆ ಅಂಗಡಿ, ಬೀಜ ಗೊಬ್ಬರದ ಅಂಗಡಿ, ಹೋಟೆಲ್ ಆದರೆ ಭಯವಿಲ್ಲ. ಕಾಯಿಲೆ ವಾಸಿ ಮಾಡುತ್ತೇವೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ.

ಗೌರಿಬಿದನೂರು ಅಕ್ಕ

ಜಾಹೀರಾತಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಕಡೆ ಊರಿನ ಹೆಸರಿನಲ್ಲಿ ಒಂದು ಪೇಜ್ ಇತ್ತು. ರಕ್ತ ಬೇಕಾದರೆ, ಕಳೆದುಹೋದ ಮಾರ್ಕ್ಸ್ ಕಾರ್ಡ್ ಸಿಕ್ಕರೆ, ಮಳೆ ಬಂದು ರಸ್ತೆ ಕೆಟ್ಟರೆ ಎಲ್ಲರೂ ಅಲ್ಲೇ ಹಾಕುತ್ತಿದ್ದರು. ಕೋವಿಡ್ ಸಮಯದಲ್ಲಿ ಆಕ್ಸಿಜನ್ ಎಲ್ಲಿ ಸಿಗುತ್ತದೆ ಅಂತ ಅದರಲ್ಲೇ ನೋಡಿ ಓಡಿದವರು ನಾವು. ಒಂದು ದಿನ ನೋಡಿದರೆ ಪೇಜಿನ ಹೆಸರೇ ಬೇರೆ. ನಡೆಸುತ್ತಿದ್ದವರು ಯಾರಿಗೋ ಮಾರಿದ್ದರು. ಆಮೇಲೆ ಅದರಲ್ಲಿ ಬರೀ ಬೆಟ್ಟಿಂಗ್ ಆ್ಯಪ್. "ನೂರು ಹಾಕಿ ಸಾವಿರ ತೆಗೆಯಿರಿ" ಅಂತ. ಊರಿನ ಪೇಜ್ ಅಂತ ನಂಬಿಕೊಂಡಿದ್ದ ಹುಡುಗರು ಅದನ್ನೂ ನಂಬಿದರು. ನನಗೆ ಗೊತ್ತಿರುವ ಒಬ್ಬ ಹುಡುಗ ಕಾಲೇಜು ಫೀಸನ್ನೇ ಅದಕ್ಕೆ ಹಾಕಿಬಿಟ್ಟ. ಅವರಮ್ಮ ಗಾರ್ಮೆಂಟ್ಸ್‌ಗೆ ಹೋಗಿ ಕೂಡಿಸಿದ್ದ ದುಡ್ಡು.

2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟವನ್ನೇ ನಿಷೇಧ ಮಾಡಿತು. ಅದರ ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೂ ಸ್ಟೋರಿಯಲ್ಲಿ, ಟೆಲಿಗ್ರಾಂ ಲಿಂಕಿನಲ್ಲಿ ಕಳ್ಳದಾರಿಯಲ್ಲಿ ಬರುತ್ತಲೇ ಇದೆ. ನೋಡಿದವರು ಸುಮ್ನೆ ದಾಟಿಸಿಕೊಂಡು ಹೋಗಬೇಡಿ. ರಿಪೋರ್ಟ್ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ನಾಟಕದ ಚಾನೆಲ್ ಮಾಡುವವರು ಇದನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳಬೇಕು. ಚಾನೆಲ್ ಮಾರುವಂತಿಲ್ಲ, ಹೆಸರು ಬದಲಾಯಿಸುವಂತಿಲ್ಲ.

ಗುಬ್ಬಿ ಕಡೆಯವನು

ಅಕ್ಕ, ನೀವು ಹೇಳಿದ್ದು ಓದಿ ಬಹಳ ಬೇಜಾರಾಯಿತು. ಆ ಮಾತು ಖಂಡಿತ ಸೇರಿಸುತ್ತೇವೆ. ಯೂಟ್ಯೂಬಿನ ಸೆಟ್ಟಿಂಗಿನಲ್ಲೂ ಯಾವ ಥರದ ಜಾಹೀರಾತು ಬೇಡ ಅಂತ ಕೆಲವನ್ನು ತಡೆಯಬಹುದು ಅಂತ ಕೇಳಿದ್ದೇನೆ. ಕೊರಟಗೆರೆ ಅಣ್ಣ, ಹೌದಾ?

ಕ್ಯಾಮೆರಾ ಕೊರಟಗೆರೆ

ಹೌದು. ಜಾಹೀರಾತಿನ ದುಡ್ಡು ಬರುವ ಗೂಗಲ್ ಖಾತೆ ಆ್ಯಡ್‌ಸೆನ್ಸ್ ಒಳಗೆ ಹೋಗಿ ಕೆಲವು ವರ್ಗಗಳನ್ನು ತಡೆಯಬಹುದು. ಎಲ್ಲವೂ ನಿಲ್ಲುವುದಿಲ್ಲ, ಆದರೆ ಕಡಿಮೆಯಾಗುತ್ತದೆ. ನಡುವೆ ಜಾಹೀರಾತು ಎಲ್ಲಿ ಬರಬೇಕು ಅನ್ನುವುದನ್ನೂ ಚಾನೆಲ್‌ನವರು ಕೈಯಾರೆ ಇಡಬಹುದು. ಪದ್ಯದ ನಡುವೆ ಬೇಡ, ಪರದೆ ಬಿದ್ದಾಗ ಇಡಿ. ಇದನ್ನು ಮಾಡದೆ ಎಲ್ಲವನ್ನೂ ಯಂತ್ರಕ್ಕೆ ಬಿಟ್ಟಿರುವುದಕ್ಕೇ ಅಭಿಮನ್ಯುವಿಗೆ ಹಾಗಾಗಿರುವುದು.

ಟೇಕಲ್ ತಮಟೆ

ಒಂದು ಸಣ್ಣ ಮಾತು. ನಮ್ಮ ಕೋಲಾರದಲ್ಲಿ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಅನ್ನುವ ಸಾಂಸ್ಕೃತಿಕ ಕೇಂದ್ರದಲ್ಲಿ "ಹುಣ್ಣಿಮೆ ಹಾಡು" ಮಾಡುತ್ತಿದ್ದರು. ಜನ ಬೆಟ್ಟ ಹತ್ತಿ ಹೋಗಿ ಬೆಳದಿಂಗಳಲ್ಲಿ ಕೂತು ನಾಟಕ ನೋಡುತ್ತಿದ್ದರು. ವಿಡಿಯೊ ನೋಡಿ ಬರಬೇಕು ಅನ್ನಿಸಿದವರೂ ಇದ್ದಾರೆ. ತಿಪಟೂರಿನವರಿಗೆ ಹೇಳುವುದು, ವಿಡಿಯೊ ಜನರನ್ನು ಮನೆಯಲ್ಲಿ ಕೂರಿಸುವುದು ಮಾತ್ರ ಅಲ್ಲ, ಕರೆದುಕೊಂಡೂ ಬರುತ್ತದೆ. ತಾಲೀಮಿನ ತುಣುಕುಗಳನ್ನು ನಾಟಕಕ್ಕೆ ಹದಿನೈದು ದಿನ ಮುಂಚಿನಿಂದ ಹಾಕಿ ನೋಡಿ.

ತಿಪಟೂರು ತೆಂಗಿನ ತೋಟ

ತಾಲೀಮಿನ ತುಣುಕು ಒಪ್ಪಿದೆ. ಆದರೆ ಎಲ್ಲ ಪದ್ಯವನ್ನೂ ಅಲ್ಲೇ ಹಾಡಿ ಮುಗಿಸಬೇಡಿ. ಗದಾಯುದ್ಧ ಮಾತ್ರ ವೇದಿಕೆ ಮುಂದೆಯೇ ನೋಡಬೇಕು.

ಪೀಣ್ಯದಲ್ಲಿ ಶಿರಾದವನು

ಲೈವ್ ಅಂತೂ ನಿಲ್ಲಿಸಬೇಡಿ ಅಣ್ಣ. ಬೇಕಾದರೆ ದುಡ್ಡು ಕಟ್ಟಿ ಸದಸ್ಯರಾದವರಿಗೆ ಮಾತ್ರ ಅಂತ ಮಾಡಿ. ನಮ್ಮೂರಿನವರು ಪೀಣ್ಯ, ನೆಲಮಂಗಲ, ದಾಬಸ್‌ಪೇಟೆ ಕಡೆ ತುಂಬಾ ಜನ ಇದ್ದೇವೆ. ಪಾತ್ರಕ್ಕೆ ದುಡ್ಡು ಕಟ್ಟುವವರ ಜೊತೆ ನಾವೂ ಸ್ವಲ್ಪ ಸ್ವಲ್ಪ ಹಾಕಿದರೆ ಕಲಾವಿದರ ಭಾರ ಇಳಿಯುತ್ತದೆ.

ಗುಬ್ಬಿ ಕಡೆಯವನು

ಎಲ್ಲರಿಗೂ ಧನ್ಯವಾದ. ಸಂಘದಲ್ಲಿ ಮಾತಾಡಿದ್ದೇವೆ. ಸಂಘದ ಇಮೇಲಿನಲ್ಲಿ ಚಾನೆಲ್ ಮಾಡುವುದು ಅಂತ ಆಗಿದೆ. ಕ್ಯಾಮೆರಾದವರಿಗೆ ಬಾಡಿಗೆ ಗೊತ್ತು ಮಾಡಿ ಕೊಡುತ್ತೇವೆ. ಅಂಗಡಿಯವರ ಜಾಹೀರಾತು ಶುರುವಿನಲ್ಲಿ, ವಿರಾಮದಲ್ಲಿ ಮಾತ್ರ. ಬಂದ ದುಡ್ಡಿನಲ್ಲಿ ಮೊದಲು ಮೇಷ್ಟ್ರ ಪಾಲು, ಆಮೇಲೆ ಮುಂದಿನ ವರ್ಷ ಪಾತ್ರಧಾರಿಗಳು ಕಟ್ಟುವ ದುಡ್ಡಿನಲ್ಲಿ ಕಡಿತ. ಹಾರ್ಡ್ ಡಿಸ್ಕ್ ಒಂದನ್ನು ಊರಿನ ಶಾಲೆಗೆ ಕೊಡುತ್ತೇವೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಪ್ರತಿ ಯುಗಾದಿಗೆ ಸಮಿತಿ ಬದಲಾಗುತ್ತದೆ. ಹಳಬರು ಹೊಸಬರಿಗೆ ಪಾಸ್‌ವರ್ಡ್ ಕೊಡದೆ ಜಗಳ ಆದರೆ ಏನು ಮಾಡುವುದು? ಊರು ಅಂದಮೇಲೆ ಎರಡು ಗುಂಪು ಇದ್ದೇ ಇರುತ್ತದೆ.

ಮಧುಗಿರಿ ವಕೀಲೆ

ಸಂಘವನ್ನು ನೋಂದಣಿ ಮಾಡಿಸಿಲ್ಲದಿದ್ದರೆ ಮೊದಲು ಮಾಡಿಸಿ. ಆಮೇಲೆ ಠರಾವು ಪುಸ್ತಕದಲ್ಲಿ ಚಾನೆಲ್ ಸಂಘದ ಆಸ್ತಿ ಅಂತ ಬರೆದು ಎಲ್ಲರ ಸಹಿ ತೆಗೆದುಕೊಳ್ಳಿ. ಬ್ಯಾಂಕ್ ಖಾತೆ, ಪ್ಯಾನ್ ಸಂಘದ ಹೆಸರಿನಲ್ಲಿರಲಿ. ಬ್ರ್ಯಾಂಡ್ ಖಾತೆಯಾಗಿ ತೆರೆದರೆ ಒಬ್ಬರಿಗಿಂತ ಹೆಚ್ಚು ಮಾಲೀಕರನ್ನು ಇಡಬಹುದು. ಅಧ್ಯಕ್ಷರು, ಖಜಾಂಚಿ, ಜೊತೆಗೆ ಯಾವ ಗುಂಪಿಗೂ ಸೇರದ ಮೇಷ್ಟ್ರು ಅಥವಾ ಶಾಲೆಯ ಹೆಡ್ಮಾಸ್ಟರು ಇರಲಿ. ಕ್ಯಾಮೆರಾದವರನ್ನು ಮಾಲೀಕರಾಗಿ ಸೇರಿಸಬೇಡಿ, ವಿಡಿಯೊ ಹಾಕುವಷ್ಟು ಅಧಿಕಾರ ಕೊಟ್ಟರೆ ಸಾಕು. ಯುಗಾದಿಯ ಸಭೆಯಲ್ಲಿ ಲೆಕ್ಕ ಒಪ್ಪಿಸುವಾಗ ಚಾನೆಲ್ಲನ್ನೂ ಒಪ್ಪಿಸಬೇಕು ಅಂತ ಬರೆಯಿರಿ. ಕಲಾವಿದರ ಒಪ್ಪಿಗೆ ಪತ್ರದ ಒಂದು ಮಾದರಿಯನ್ನು ಕನ್ನಡದಲ್ಲೇ ಬರೆದು ಇಲ್ಲಿ ಹಾಕುತ್ತೇನೆ. ಒಂದೇ ಪುಟ. ಹದಿನೆಂಟು ತುಂಬದ ಮಕ್ಕಳು ಪಾತ್ರ ಮಾಡಿದ್ದರೆ ತಂದೆ ತಾಯಿ ಸಹಿ ಬೇಕು.

ಕ್ಯಾಮೆರಾ ಕೊರಟಗೆರೆ

ನಾನು ಈ ಒಪ್ಪಂದಕ್ಕೆ ಸಹಿ ಹಾಕಿ ಬರುವುದಕ್ಕೆ ತಯಾರಿದ್ದೇನೆ. ಪಾತ್ರವರ್ಗದ ಪಟ್ಟಿಯನ್ನು ಮುಂಚೆಯೇ ಕಳಿಸಿ. ದುರ್ಯೋಧನ ಪಾತ್ರದವರಿಂದ ಹಿಡಿದು ಪರದೆ ಎಳೆಯುವವರವರೆಗೆ ಎಲ್ಲರ ಹೆಸರು ಇರಲಿ. ಲೈವ್ ಶುರುವಾಗುವ ಮೊದಲೇ ಹಾಕಿಡುತ್ತೇನೆ. ಇನ್ನೊಂದು, ಸೀರಿಯಲ್ ಲೈಟಿನ ಸೆಟ್ಟಿಗೂ ಕ್ಯಾಮೆರಾಗೂ ಜನರೇಟರ್‌ನಿಂದ ಬೇರೆ ಬೇರೆ ಲೈನ್ ಕೊಡಿಸಿ. ಒಂದೇ ಲೈನ್ ಆದರೆ ಯುದ್ಧದ ಸೀನಿಗೆ ಲೈಟೆಲ್ಲ ಹಾಕಿದ ಕೂಡಲೇ ನನ್ನ ಮಿಕ್ಸರ್ ಆಫ್ ಆಗುತ್ತದೆ.